ಮೆರಿಪಾಳ ಮನೆಯ ನೆಟ್ ಉಪಚಾರ

ವೈಮಾಲು ಊರಿನಲ್ಲಿ ಊಟದ ಹೊತ್ತಿಗೆ ನೀವು ಯಾರದಾದರೂ ಮನೆ ಮುಂದೆ ಹಾದುಹೋದರೆ ಒಳಗಿಂದ ಒಂದು ಕೂಗು ಬಂದೇ ಬರುತ್ತದೆ: "ಬನ್ನಿ, ಊಟ ಮಾಡಿ!" ನೀವು ನಡಿಗೆ ನಿಲ್ಲಿಸದೆ ಸ್ವಲ್ಪ ತಲೆ ಬಾಗಿಸಿ "ಆಯ್ತು, ಈಗ್ತಾನೆ ಆಯ್ತು" ಎನ್ನಬೇಕು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಹಾಗೇ ಎನ್ನಬೇಕು. ಅಷ್ಟಾದರೆ ಕರೆದವರ ಮರ್ಯಾದೆಯೂ ಉಳಿಯಿತು, ಪಾತ್ರೆಯಲ್ಲಿದ್ದ ಕೆಸುವಿನ ಗೆಡ್ಡೆಯೂ ಉಳಿಯಿತು. ನಮ್ಮ ಸಮೋವಾದಲ್ಲಿ ಹಾಲು ಕುಡಿಯುವ ಕೂಸನ್ನು ಬಿಟ್ಟರೆ ಈ ಲೆಕ್ಕ ತಿಳಿಯದವರಿಲ್ಲ.

ಈ ಕೂಗಿನಲ್ಲಿ ಮೆರಿಪಾಳನ್ನು ಮೀರಿಸಿದವರು ಊರಲ್ಲಿ ಇನ್ನೂ ಹುಟ್ಟಿಲ್ಲ. ಅವಳ ಮನೆ ಚರ್ಚಿಗೆ ಅಂಟಿಕೊಂಡಂತೆ, ರಸ್ತೆಗೆ ಮುಖಮಾಡಿದೆ. ಮನೆ ಎಂದರೆ ಹನ್ನೆರಡು ಕಂಬ, ಮೇಲೊಂದು ತಗಡಿನ ಚಾವಣಿ, ಕೆಳಗೆ ಚಾಪೆ. ಗೋಡೆಯ ಗೊಡವೆಯೇ ಇಲ್ಲ. ಹಾಗಾಗಿ ಹಾದುಹೋಗುವವರು ಅವಳ ಕಣ್ಣು ತಪ್ಪಿಸಲಾರರು, ಕಣ್ಣಿಗೆ ಬಿದ್ದವರನ್ನು ಅವಳು ಕರೆಯದೆ ಬಿಡಲಾರಳು. ಐವತ್ತೆಂಟು ವರ್ಷ, ಮದುವೆಯಾಗಲಿಲ್ಲ, ದೊಡ್ಡ ಮೈ, ಅದಕ್ಕಿಂತ ದೊಡ್ಡ ಗಂಟಲು. ಟೀ ಕುಡಿಯುತ್ತಿದ್ದರೆ "ಬನ್ನಿ, ಟೀ ಕುಡೀರಿ" ಎನ್ನುತ್ತಾಳೆ. ಮಳೆ ಬಂದರೆ "ಬನ್ನಿ, ನೆನೀಬೇಡಿ" ಎನ್ನುತ್ತಾಳೆ. ಚಾಪೆ ಹೆಣೆಯುತ್ತಿದ್ದರೆ "ಬನ್ನಿ, ಒಂದೆರಡು ಸಾಲು ಹೆಣೀರಿ" ಎಂದೂ ಕರೆಯುತ್ತಾಳೆ, ಆಗ ಮಾತ್ರ ಜನ ಇನ್ನಷ್ಟು ಬೇಗ ಹೆಜ್ಜೆ ಹಾಕುತ್ತಾರೆ.

ಶನಿವಾರ ಶನಿವಾರ ತೆಂಗಿನ ಹಾಲಿನ ಬನ್ನು ಸುಟ್ಟು ಮಾರುವುದು ಅವಳ ಜೀವನ. ಊರಿನ ಮಕ್ಕಳಿಗೆ ಪಾಠ ಒಪ್ಪಿಸಲು ಕಲಿಸುವುದು ಅವಳ ಜೀವ. ಅಕ್ಟೋಬರಿನ ಎರಡನೆಯ ಭಾನುವಾರ ಮಕ್ಕಳ ಹಬ್ಬ. ಅವತ್ತು ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ಚರ್ಚಿನಲ್ಲಿ ಒಬ್ಬೊಬ್ಬರಾಗಿ ಎದ್ದು ಬಾಯಿಪಾಠ ಒಪ್ಪಿಸಬೇಕು, ಆಮೇಲೆ ದೊಡ್ಡವರು ನಿಂತು ಬಡಿಸಬೇಕು, ಮಕ್ಕಳು ಮೊದಲು ಉಣ್ಣಬೇಕು. ಈ ಬಾಯಿಪಾಠದ ಉಸ್ತುವಾರಿ ಮೊದಲಿಗೆ ಅವಳ ಅಕ್ಕ ಲೇಯಿತುವಿನದಾಗಿತ್ತು. ಅಕ್ಕನಿಗೂ ತಂಗಿಗೂ ಹತ್ತು ವರ್ಷ ಅಂತರ. ತಾಯಿ ಹೋದ ಮೇಲೆ ಮೆರಿಪಾಳಿಗೆ ತಲೆ ಬಾಚಿದವಳು, ಬೆನ್ನಿಗೆ ಗುದ್ದಿದವಳು, ಅಕ್ಷರ ಕಲಿಸಿದವಳು ಲೇಯಿತುವೇ. ಇಪ್ಪತ್ತಾರು ವರ್ಷದ ಹಿಂದೆ ಅವಳು ಆಕ್ಲೆಂಡಿಗೆ ಹೋಗಿ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಆದರೆ ಮಕ್ಕಳ ಹಬ್ಬ ಒಂದು ಸಲವೂ ತಪ್ಪಿಸಿದವಳಲ್ಲ. ವರ್ಷವಿಡೀ ರಜೆ ಕೂಡಿಟ್ಟು ಬಂದು, ಮುಂದಿನ ಬೆಂಚಿನ ಎಡತುದಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಯಾವ ಮಗು ಎಲ್ಲಿ ತಡವರಿಸಿದರೂ ಮುಂದಿನ ಮಾತು ಅವಳ ತುಟಿಯಿಂದ ಸಣ್ಣಗೆ ಹೊರಬೀಳುತ್ತಿತ್ತು.

ಈ ವರ್ಷ ಆಗಸ್ಟಿನಲ್ಲಿ ಲೇಯಿತು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು.

"ಡಾಕ್ಟ್ರು ವಿಮಾನ ಹತ್ಬಾರ್ದು ಅಂದ್ಬಿಟ್ರು ಕಣೇ," ಎಂದಳು ಫೋನಿನಲ್ಲಿ. "ಈ ಸಲ ಆ ಬೆಂಚಲ್ಲಿ ಬೇರೆ ಯಾರನ್ನಾದ್ರೂ ಕೂರಿಸ್ಕೋ."

"ಯಾರನ್ನೂ ಕೂರ್ಸಲ್ಲ. ನಮ್ಮನೇಲಿ ನೆಟ್ ಇಲ್ವಾ? ಚರ್ಚಿನ್ ತನಕ ಬರುತ್ತೆ ಅಕ್ಕಾ. ಬೆಂಚ್ ಮೇಲೆ ಫೋನ್ ಇಡ್ತೀನಿ. ಮೊದ್ಲನೇ ಮಗೂಯಿಂದ ಕೊನೇ ಮಗೂ ತನಕ ಅಷ್ಟೂ ನೀನು ನೋಡ್ಬೇಕು."

"ಮಾತು ಕೊಡ್ತೀಯಾ?"

"ಕೊಟ್ಟೆ ಅಂದ್ಕೋ."

ಮಾತು ಕೊಡುವುದರಲ್ಲಿ ಮೆರಿಪಾ ಯಾವಾಗಲೂ ಮುಂದು.

ನೆಟ್ ಹಾಕಿಸಿದ್ದೂ ಲೇಯಿತುವಿನ ಮುಖ ನೋಡುವುದಕ್ಕೇ. ಎರಡು ವರ್ಷದ ಹಿಂದೆ ಕಂಪನಿಯವರು ಬಂದು ದೀವಿಹಲಸಿನ ಮರಕ್ಕಿಂತ ಎತ್ತರದ ಕಂಬ ನೆಟ್ಟು ತುದಿಗೊಂದು ತಟ್ಟೆ ಕಟ್ಟಿ ಹೋಗಿದ್ದರು. ತಿಂಗಳಿಗೆ ತೊಂಬತ್ತೊಂಬತ್ತು ತಾಲಾ ದುಡ್ಡಿಗೆ ನೂರೈವತ್ತು ಜಿಬಿ, ಪ್ರತಿ ತಿಂಗಳ ಹದಿನೈದಕ್ಕೆ ಹೊಸ ಲೆಕ್ಕ ಶುರು. ಮಿತಿ ಮುಗಿದರೆ ನೆಟ್ ಸಾಯುವುದಿಲ್ಲ, ತೆವಳುತ್ತದೆ. ಆದರೆ ಮುಗಿಯುವ ಮಾತೆಲ್ಲಿ ಬಂತು? ಇದ್ದ ವೇಗವೇ ಅಷ್ಟು ಚೆನ್ನಾಗಿತ್ತು, ಒಂದು ಹಾಡು ಶುರುವಾಗುವುದರೊಳಗೆ ಬನ್ನು ಬೆಂದಿರುತ್ತಿತ್ತು. ಮೆರಿಪಾ ಅಂಗಳದಲ್ಲಿ ನಿಂತು ಧಾರಾಳವಾಗಿ "ಬನ್ನಿ, ನೆಟ್ ತಗೊಳ್ಳಿ!" ಎಂದು ಕೂಗುತ್ತಿದ್ದಳು. ಜನರೂ ಮರ್ಯಾದೆಯಿಂದ "ಆಯ್ತು ಮೆರಿಪಕ್ಕಾ, ಈಗ್ತಾನೆ ಆಯ್ತು" ಎಂದು ಮುಂದೆ ಹೋಗುತ್ತಿದ್ದರು. ಎಲ್ಲವೂ ಸುಖವಾಗಿತ್ತು.

ಸೆಪ್ಟೆಂಬರ್ ಹದಿನೈದಕ್ಕೆ ಕಂಪನಿಯಿಂದ ಒಂದು ಸಂದೇಶ ಬಂತು. ನಿಮ್ಮ ಮನೆಯ ವೇಗ ಇಂದಿನಿಂದ ಐದು ಪಟ್ಟು, ಬೆಲೆ ಮಾತ್ರ ಮೊದಲಿನಷ್ಟೇ. ಮೆರಿಪಾ ಇದನ್ನು ಮೂರು ಸಲ ಓದಿ ಹಿಗ್ಗಿದಳು. ಕೆಳಗೆ ಸಣ್ಣ ಅಕ್ಷರದಲ್ಲಿ ಮಾಸಿಕ ಮಿತಿಯೂ ಮೊದಲಿನಷ್ಟೇ ಎಂದು ಬರೆದಿತ್ತು, ಅದನ್ನು ಒಂದು ಸಲವೂ ಓದಲಿಲ್ಲ. ಸಣ್ಣ ಅಕ್ಷರ ಓದಲು ಕನ್ನಡಕ ಬೇಕು, ಕನ್ನಡಕ ಹಿಟ್ಟಿನ ಡಬ್ಬದ ಮೇಲೆಲ್ಲೋ ಇತ್ತು.

ಅದೇ ಹೊತ್ತಿಗೆ ರಸ್ತೆಯಲ್ಲಿ ಫಿಲೆಮೋನಿ ಬರುತ್ತಿದ್ದ. ಊರಿನ ಪರವಾಗಿ ಸಭೆಗಳಲ್ಲಿ ಕೋಲು ಹಿಡಿದು ಭಾಷಣ ಮಾಡುವ ಹಿರಿಯ ಅವನು. ರಗ್ಬಿ ಎಂದರೆ ಪ್ರಾಣ.

"ಫಿಲೆಮೋನಿಯೋರೇ, ಬನ್ನಿ, ನೆಟ್ ತಗೊಳ್ಳಿ! ಐದು ಪಟ್ಟು ಮಾಡಿದಾರೆ!"

ಫಿಲೆಮೋನಿ ಬಾಯಿಪಾಠದಂತೆ "ಆಯ್ತು, ಈಗ್ತಾ..." ಎಂದವನು ಅಲ್ಲೇ ನಿಂತ. "ಎಷ್ಟು ಪಟ್ಟು ಅಂದ್ರಿ?"

"ಐದು!"

"ಹಾಗಾದ್ರೆ ಸ್ಕೋರ್ ಒಂದು ನೋಡ್ಕೊಂಡು ಹೋಗ್ತೀನಿ. ಒಂದೇ ನಿಮಿಷ."

ಒಂದೇ ನಿಮಿಷ ಎಂದವನು ಪೂರ್ತಿ ಪಂದ್ಯ ನೋಡಿ, ಗೆದ್ದ ಖುಷಿಗೆ ಅವಳ ಕಂಬ ಗುದ್ದಿ ಎದ್ದ. ಮಾರನೆಯ ದಿನ ಇಬ್ಬರು ತಮ್ಮಂದಿರನ್ನು ಕರೆದುಕೊಂಡು ಬಂದ. ಮೂರನೆಯ ದಿನ ಅವನ ಹೆಂಡತಿ ವಾವೊಸ ಬಂದಳು. ಅವಳಿಗೆ ಕೇಕಿನ ಮೇಲೆ ಗುಲಾಬಿ ಬಿಡಿಸುವ ವಿಡಿಯೊ ನೋಡುವ ಹುಚ್ಚು, ಕೇಕು ಮಾತ್ರ ಒಮ್ಮೆಯೂ ಮಾಡಿದ್ದಿಲ್ಲ. ವಾರದೊಳಗೆ ಮೆರಿಪಾಳ ಮನೆಯ ಹನ್ನೆರಡು ಕಂಬಕ್ಕೂ ಒಬ್ಬೊಬ್ಬರು ಒರಗಿ ಕೂತಿದ್ದರು. ಊಟಕ್ಕೆ ಕರೆದರೆ ಬೇಡವೆನ್ನುವ ಅದೇ ಜನ ನೆಟ್ಟಿಗೆ ಕರೆದರೆ "ನೀವು ಅಷ್ಟು ಹೇಳ್ತೀರಂದ್ರೆ..." ಎಂದು ಚಪ್ಪಲಿ ಬಿಡುತ್ತಿದ್ದರು. ಎಷ್ಟಾದರೂ ನೆಟ್ ಪಾತ್ರೆಯಲ್ಲಿ ಕಾಣುವುದಿಲ್ಲವಲ್ಲ, ಖಾಲಿಯಾದದ್ದು ಯಾರಿಗೆ ಗೊತ್ತಾಗಬೇಕು?

ಸಂಜೆ ಪ್ರಾರ್ಥನೆಯ ಶಂಖ ಊದಿದರೆ ಯಾರೂ ರಸ್ತೆಗಿಳಿಯುವಂತಿಲ್ಲ, ಇದ್ದಲ್ಲೇ ಕೂತು ಹಾಡಬೇಕು. ನೆಟ್ಟಿಗೆ ಬಂದವರೆಲ್ಲ ಅಲ್ಲೇ ಸಿಕ್ಕಿಬೀಳುತ್ತಿದ್ದರು. ಇಷ್ಟು ವರ್ಷ ಮೆರಿಪಾಳ ಒಂಟಿ ದನಿ ಕೇಳುತ್ತಿದ್ದ ಮನೆಯಿಂದ ಈಗ ಹದಿನಾರು ಜನರ ಹಾಡು ಏಳತೊಡಗಿತು. ಪಾದ್ರಿಗಳು ಭಾನುವಾರದ ಉಪದೇಶದಲ್ಲಿ "ನಮ್ಮ ಮೆರಿಪಾಳ ಮನೆಯಲ್ಲಿ ಭಕ್ತಿ ಹೇಗೆ ಬೆಳೆದಿದೆ ನೋಡಿ" ಎಂದು ಹೊಗಳಿದರು. ಭಕ್ತರು ತಲೆ ತಗ್ಗಿಸಿ ಕೂತಿದ್ದರು. ಮೆರಿಪಾಳಿಗೆ ಮಾತ್ರ ನಿಜವಾಗಿಯೂ ಖುಷಿಯಾಗಿತ್ತು. ಒಬ್ಬಳೇ ಹಾಡಿ ಹಾಡಿ ಬೇಸತ್ತಿದ್ದಳು, ಅದನ್ನು ಯಾರಿಗೂ ಹೇಳಿರಲಿಲ್ಲ.

ಅಕ್ಟೋಬರ್ ಎರಡಕ್ಕೆ ಇನ್ನೊಂದು ಸಂದೇಶ ಬಂತು. ಈ ಸಲ ಕನ್ನಡಕ ಹಾಕಿಕೊಂಡೇ ಓದಿದಳು. ನಿಮ್ಮ ನೂರೈವತ್ತರಲ್ಲಿ ನೂರಿಪ್ಪತ್ತು ಮುಗಿದಿದೆ ಎಂದಿತ್ತು. ಬೆರಳು ಮಡಚಿ ಎಣಿಸಿದಳು. ಹಬ್ಬ ಹನ್ನೆರಡಕ್ಕೆ, ಹೊಸ ಲೆಕ್ಕ ಹದಿನೈದಕ್ಕೆ.

ಮರುದಿನವೇ ರಾಜಧಾನಿ ಆಪಿಯಾಕ್ಕೆ ಬಸ್ಸು ಹತ್ತಿದಳು. ಬಸ್ಸು ತುಂಬಿದರೆ ನಮ್ಮಲ್ಲಿ ಕೂತವರ ತೊಡೆಯೇ ಸೀಟು, ದಾರಿಯುದ್ದಕ್ಕೂ ಗುರುತಿಲ್ಲದ ಹೆಂಗಸೊಬ್ಬಳು ಅವಳ ತೊಡೆಯ ಮೇಲೆ ಕೂತಿದ್ದಳು. ಇಬ್ಬರೂ ಮಕ್ಕಳ ಹಬ್ಬದ ಬಟ್ಟೆಯ ಬಗ್ಗೆ ಮಾತಾಡಿಕೊಂಡು ಹೋದರು. ಕಂಪನಿಯ ಕಚೇರಿಯಲ್ಲಿ ಕಿವಿಗೆ ಕೆಂಪು ಹೂ ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ಕೂತಿದ್ದಳು.

"ಅಲ್ಲಮ್ಮಾ, ನೀವೇ ಐದು ಪಟ್ಟು ಕೊಟ್ಟು, ನೀವೇ ಮುಗೀತು ಅಂದ್ರೆ ಹೆಂಗೆ?"

"ಆಂಟೀ, ನಿಮ್ಮನೇಲಿ ಮಳೆ ನೀರಿನ ತೊಟ್ಟಿ ಇದ್ಯಲ್ವಾ? ಅದಕ್ಕೆ ದೊಡ್ಡ ನಲ್ಲಿ ಹಾಕಿದೀವಿ, ಅಷ್ಟೇ. ತೊಟ್ಟಿ ಹಳೇದೇ."

"ಹಾಗಾದ್ರೆ ತೊಟ್ಟೀನೂ ದೊಡ್ಡದು ಮಾಡ್ಬೇಕಿತ್ತು!"

"ಮಿತಿ ಇಲ್ದೇ ಇರೋದೂ ಇದೆ ಆಂಟೀ. ತಿಂಗ್ಳಿಗೆ ಇನ್ನೂರರವತ್ತು ತಾಲಾ."

ಮೆರಿಪಾ ಮನಸ್ಸಿನಲ್ಲೇ ಅಷ್ಟನ್ನೂ ಬನ್ನು ಮಾಡಿ ನೋಡಿದಳು. ಒಲೆ ವಾರಕ್ಕೆ ಮೂರು ದಿನ ಉರಿಯಬೇಕಾಗಿತ್ತು. ಆಗುವ ಮಾತಲ್ಲ. ನಲವತ್ತು ತಾಲಾ ಕೊಟ್ಟು ಇಪ್ಪತ್ತು ಜಿಬಿ ಹೆಚ್ಚಿಗೆ ಹಾಕಿಸಿಕೊಂಡಳು.

"ಮನೇಲಿ ಎಷ್ಟು ಜನ ಆಂಟೀ?" ಹುಡುಗಿ ಕೇಳಿದಳು.

"ಒಬ್ಳೇ."

ಹುಡುಗಿ ಕಂಪ್ಯೂಟರನ್ನೊಮ್ಮೆ, ಮೆರಿಪಾಳನ್ನೊಮ್ಮೆ ನೋಡಿದಳು. "ನಿಮ್ ನೆಟ್ಟಲ್ಲಿ ನಿನ್ನೆ ಮೂವತ್ತೊಂದು ಫೋನ್ ಇತ್ತು," ಎಂದಳು. "ಪಾಸ್‌ವರ್ಡ್ ಬದಲಾಯಿಸ್ಬಿಡಿ ಆಂಟೀ. ಎರಡೇ ನಿಮಿಷದ್ ಕೆಲ್ಸ."

"ಅಯ್ಯೋ, ಬಿಡ್ತು ಅನ್ನು!" ಎಂದು ಮೆರಿಪಾ ಕಿವಿ ಮುಚ್ಚಿಕೊಂಡಳು. ಕರೆದು ಕೂರಿಸಿದವರ ಮುಂದಿನ ತಟ್ಟೆ ಎತ್ತುವುದೂ ಒಂದೇ, ಇದೂ ಒಂದೇ. ಅದಕ್ಕಿಂತ ಬೆತ್ತಲೆ ಓಡಾಡುವುದು ವಾಸಿ.

ದಾರಿಯುದ್ದಕ್ಕೂ ತನ್ನ ಬಾಯಿಗೆ ತಾನೇ ಬುದ್ಧಿ ಹೇಳಿಕೊಂಡಳು. ಇನ್ನು ಹತ್ತು ದಿನ ಯಾರನ್ನೂ ಕರೆಯಬಾರದು. ಬಸ್ಸಿಳಿದಾಗ ಕಟ್ಟೆಯ ಮೇಲೆ ವಾವೊಸ ಇನ್ನಿಬ್ಬರ ಜೊತೆ ಕೂತಿದ್ದಳು. "ಆಪಿಯಾಕ್ಕೆ ಯಾಕೆ ಹೋಗಿದ್ಯೇ?" ಎಂದಳು.

"ನೆಟ್ ಹಾಕಿಸ್ಕೊಂಡ್ ಬಂದೆ. ಬನ್ನಿ!" ಎಂದಿತು ಬಾಯಿ. ಮೆರಿಪಾ ನಾಲಿಗೆ ಕಚ್ಚಿಕೊಳ್ಳುವುದರೊಳಗೆ ಮೂವರೂ ಎದ್ದಾಗಿತ್ತು.

ಒಂದು ದಿನ ಗಟ್ಟಿ ಮನಸ್ಸು ಮಾಡಿ ನೆಟ್ಟಿನ ಡಬ್ಬಿಯ ಸ್ವಿಚ್ಚನ್ನೇ ಆರಿಸಿದಳು. ಬಂದವರು ಬೇಸರಪಟ್ಟುಕೊಳ್ಳಲಿಲ್ಲ. ಚಾಪೆಯ ಮೇಲೆ ಸಾಲಾಗಿ ಕೂತು, ಜ್ವರ ಬಂದವರನ್ನು ನೋಡಲು ಬಂದಂತೆ ಸಣ್ಣ ದನಿಯಲ್ಲಿ ಮಾತಾಡಿದರು. "ಡಬ್ಬಿಗೆ ಏನಾಗಿದೆ ಮೆರಿಪಕ್ಕಾ? ಬಿಸಿಯಾಗಿದ್ಯಾ?" ಎಂದು ಫಿಲೆಮೋನಿ ಅದರ ಮೈ ಮುಟ್ಟಿ ನೋಡಿದ. ವಾವೊಸ ಮನೆಗೆ ಹೋಗಿ ಬೀಸಣಿಗೆ ತಂದು ಡಬ್ಬಿಗೆ ಗಾಳಿ ಬೀಸತೊಡಗಿದಳು. ಮೆರಿಪಾಳಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು. "ಈಗ ಸರಿಯಾಯ್ತೇನೋ" ಎಂದು ಗೊಣಗಿ ಸ್ವಿಚ್ಚು ಹಾಕಿದಳು.

ಅಕ್ಕನಿಗೆ ಮಾತು ಕೊಟ್ಟಿದ್ದೇನೆ, ಸ್ವಲ್ಪ ಉಳಿಸಿ ಎಂದು ಹೇಳಿಬಿಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಹಬ್ಬ ಮುಗಿದ ಮೇಲೊಮ್ಮೆ ನಾನೂ ಕೇಳಿದೆ. "ಉಂಡೋರ್ ತುತ್ತು ಎಣಿಸ್ತಾರಾ ಯಾರಾದ್ರೂ?" ಎಂದು ನನಗೇ ಬೈದಳು. ಲೇಯಿತು ಬರುವುದಿಲ್ಲ ಎಂಬುದು ಊರಿಗೆ ಗೊತ್ತಿತ್ತು. ಬೆಂಚಿನ ಮೇಲೆ ಫೋನು ಕೂರಲಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಹನ್ನೊಂದನೆಯ ತಾರೀಖು, ಶನಿವಾರ ಬೆಳಿಗ್ಗೆ, ಬನ್ನು ಒಲೆಯಲ್ಲಿದ್ದಾಗ ಎಲ್ಲವೂ ಮುಗಿಯಿತು. ಹೆಚ್ಚಿಗೆ ಹಾಕಿಸಿದ್ದೂ ಮುಗಿಯಿತು. ಮತ್ತೆ ಹಾಕಿಸೋಣವೆಂದರೆ ಕಚೇರಿ ಸೋಮವಾರವೇ ತೆಗೆಯುವುದು. ನೆಟ್ ತೆವಳತೊಡಗಿತು. ಕಂಬಕ್ಕೆ ಒರಗಿದ್ದವರು ಫೋನನ್ನು ಅಲ್ಲಾಡಿಸಿ ನೋಡಿ ಒಬ್ಬೊಬ್ಬರಾಗಿ ಕಾಲು ಕಿತ್ತರು. ಮೆರಿಪಾ ಅಕ್ಕನಿಗೆ ಕರೆಮಾಡಿದಳು. ಮುಖ ಬರಲಿಲ್ಲ, ದನಿ ಹೇಗೋ ಬಂತು.

"ಅಕ್ಕಾ, ನಿಂಗೆ ತೋರ್ಸಕ್ಕಾಗಲ್ಲ ಕಣೇ. ನೆಟ್ಟೆಲ್ಲಾ ಮುಗ್ದೋಯ್ತು."

"ಹೆಂಗ್ ಮುಗೀತು?"

"ಕರ್ದೆ. ಬಂದ್ರು."

ಉತ್ತರವೂ ತೆವಳಿಕೊಂಡೇ ಬಂತು. "ಹೋಗ್ಲಿ ಬಿಡು" ಎಂದಳು ಲೇಯಿತು. ಬೈದಿದ್ದರೆ ಮೆರಿಪಾ ತಡೆದುಕೊಳ್ಳುತ್ತಿದ್ದಳು. ಬೈಯದೆ ಬಿಟ್ಟದ್ದು ಅವಳಿಗೆ ತಡೆಯಲಾಗಲಿಲ್ಲ, ಬನ್ನು ಸೀದುಹೋದದ್ದೂ ಗೊತ್ತಾಗಲಿಲ್ಲ.

ಭಾನುವಾರ ಚರ್ಚು ಬೆಳ್ಳಗೆ ತುಂಬಿತ್ತು. ಮೆರಿಪಾ ಹಟ ಬಿಡಲಿಲ್ಲ. ಮುಖ ಕಾಣದಿದ್ದರೆ ಬೇಡ, ದನಿಯಾದರೂ ಹೋಗಲಿ ಎಂದು ಅಕ್ಕನಿಗೆ ಕರೆಮಾಡಿ, ಮುಂದಿನ ಬೆಂಚಿನ ಎಡತುದಿಯಲ್ಲಿ ಒಂದು ಮಡಿಸಿದ ಬಟ್ಟೆ ಇಟ್ಟು ಅದರ ಮೇಲೆ ಫೋನು ಕೂರಿಸಿದಳು, ದನಿಯನ್ನು ಪೂರ್ತಿ ಜೋರಾಗಿಟ್ಟಳು. ಫೋನು "ಮೆ... ಕೇ... ಯಾ..." ಎಂದು ಬಿಕ್ಕಳಿಸಿ ಸುಮ್ಮನಾಯಿತು. ಇನ್ನೊಮ್ಮೆ ಮಾಡಿದಳು. ಇನ್ನೊಮ್ಮೆ ಬಿಕ್ಕಳಿಕೆ. ನಿನ್ನೆ ಬಂದ ದನಿ ಇವತ್ತು ಯಾಕೆ ಬರುತ್ತಿಲ್ಲ ಎಂದು ಹಿಂದೆ ತಿರುಗಿ ನೋಡಿದಾಗ ಅವಳಿಗೆ ಹೊಳೆಯಿತು. ಚರ್ಚಿನಲ್ಲಿ ಕೂತವರ ಜೇಬು, ಚೀಲದೊಳಗಿನ ಫೋನುಗಳೆಲ್ಲ ತಾವಾಗಿಯೇ ಅವಳ ನೆಟ್ಟಿಗೆ ಅಂಟಿಕೊಂಡಿದ್ದವು. ತೆವಳುವ ನೆಟ್ಟಿನ ಮೇಲೆ ಇಡೀ ಊರು ಹತ್ತಿ ಕೂತಿತ್ತು.

ಪಾದ್ರಿಗಳು ಗಂಟಲು ಸರಿಮಾಡಿಕೊಂಡರು. ಮಕ್ಕಳು ಸಾಲಾಗಿ ನಿಂತಾಗಿತ್ತು. ಮೆರಿಪಾ ಎದ್ದು ಜನರ ಕಡೆ ತಿರುಗಿದಳು. ಐವತ್ತೆಂಟು ವರ್ಷದಲ್ಲಿ ಅವಳ ಬಾಯಿ ಯಾರಿಗೂ "ಬೇಡ" ಎಂದದ್ದಿಲ್ಲ, ಆ ಪದ ಹೇಗೆ ಶುರುವಾಗುತ್ತದೆ ಎಂಬುದೇ ಅದಕ್ಕೆ ತಿಳಿಯದು.

"ಎಲ್ರೂ... ನನ್ ನೆಟ್ಟು... ಅಕ್ಕ ಅಲ್ಲಿ ಬೆಂಚ್ ಮೇಲೆ..." ಎಂದಳು. ಫೋನನ್ನು ತೋರಿಸಿದಳು. "ಮಾತು ಕೊಟ್ಟಿದ್ದೆ. ಅವ್ಳಿಗೆ ಕೇಳಿಸ್ತಿಲ್ಲ. ನೀವು ಸ್ವಲ್ಪ... ನೀವೆಲ್ಲಾ..." ಅಲ್ಲಿಗೆ ನಿಂತುಹೋಯಿತು. ಕಣ್ಣಲ್ಲಿ ನೀರು ತುಂಬಿತು. ಕೊನೆಗೆ ಬಾಯಿ ತನಗೆ ಗೊತ್ತಿದ್ದ ಒಂದೇ ಮಾತನ್ನು ಹೇಳಿತು: "ಬನ್ನಿ, ನೆಟ್ ತಗೊಳ್ಳಿ."

ಮೊದಲು ಎದ್ದವಳು ವಾವೊಸ. ಬಿಳಿ ಟೋಪಿ ಸರಿಮಾಡಿಕೊಂಡಳು, ಚೀಲದಿಂದ ಫೋನು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಆರಿಸಿದಳು. ಸ್ವಲ್ಪ ತಲೆ ಬಾಗಿಸಿದಳು.

"ಆಯ್ತು ಮೆರಿಪಾ," ಎಂದಳು. "ಈಗ್ತಾನೆ ಆಯ್ತು."

ಆಮೇಲೆ ಫಿಲೆಮೋನಿ ಕೋಲೂರಿ ಎದ್ದ. ಸಭೆಯಲ್ಲಿ ಊರಿನ ಪರವಾಗಿ ಮಾತಾಡುವ ಅದೇ ಗತ್ತಿನ ದನಿಯಲ್ಲಿ "ನಮ್ದೂ ಆಯ್ತು ಮೆರಿಪಕ್ಕಾ, ಹೊಟ್ಟೆ ತುಂಬಾ ಆಯ್ತು" ಎಂದು ಫೋನು ಆರಿಸಿದ. ಅವನ ತಮ್ಮಂದಿರು "ನಮ್ದೂ ಆಯ್ತು" ಎಂದರು. ಬೆಂಚಿನಿಂದ ಬೆಂಚಿಗೆ ಮಾತು ಹೋಯಿತು: ಆಯ್ತು, ಆಯ್ತು, ಈಗ್ತಾನೆ ಆಯ್ತು. ನಗು ಎದ್ದಿತು. ಕೊನೆಗೆ ಪಾದ್ರಿಗಳೂ ನಿಲುವಂಗಿಯೊಳಗೆ ಕೈ ಹಾಕಿ ಫೋನು ತೆಗೆದಾಗ ನಗು ತಡೆಯಲು ಯಾರಿಂದಲೂ ಆಗಲಿಲ್ಲ.

ಮೆರಿಪಾ ಮತ್ತೆ ಕರೆಮಾಡಿದಳು. "ಏನೇ ಅದು ಗದ್ದಲ? ಚರ್ಚೋ ಸಂತೆಯೋ?" ಎಂದಿತು ಫೋನು, ಪಕ್ಕದಲ್ಲೇ ಕೂತಂತೆ ಸ್ಪಷ್ಟವಾಗಿ.

ಮಕ್ಕಳು ಶುರುಮಾಡಿದರು. ಒಬ್ಬರಾದ ಮೇಲೆ ಒಬ್ಬರು ಬಂದು ಒಪ್ಪಿಸಿದರು, ಯಾರೂ ತಪ್ಪಲಿಲ್ಲ. ಎಲ್ಲರಿಗಿಂತ ಚಿಕ್ಕವರು ಕೊನೆಗೆ ಬರುವುದು ವೈಮಾಲುವಿನ ಪದ್ಧತಿ, ಆ ಕೊನೆಯ ನಾಲ್ಕು ಸಾಲು ಲೇಯಿತು ತಾನೇ ಹುಡುಗಿಯಾಗಿದ್ದಾಗ ಕಟ್ಟಿದ್ದು. ಈ ಸಲ ಅದು ಐದು ವರ್ಷದ ತುಪಿತೊಳ ಪಾಲಿಗೆ ಬಂದಿತ್ತು. ಅವಳು ಮುಂದೆ ಬಂದು, ಹೊಸ ಬಿಳಿ ಲಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು.

"ನಾನು ಚಿಕ್ಕವಳು, ನನ್ನ ದನಿ ಚಿಕ್ಕದು.
ನನ್ನ ಹೆಜ್ಜೆ ಚಿಕ್ಕದು, ದಾರಿ ದೊಡ್ಡದು.
ಎಲ್ಲಿಗೆ ಹೋದರೂ ಈ ಮನೆಯಲ್ಲಿ..."

ಅಲ್ಲಿಗೆ ನಿಂತಳು. ಲಂಗ ನೋಡಿದಳು, ಚಾವಣಿ ನೋಡಿದಳು. ಮುಂದಿನ ಸಾಲು ಎತ್ತಿಕೊಡಬೇಕಾದವಳು ಮೆರಿಪಾ. ಆದರೆ ಆ ಸಾಲು ನೆನಪಾದದ್ದೇ ತಡ ಅವಳು ಎತ್ತಿಕೊಡುವುದನ್ನು ಬಿಟ್ಟು ಫೋನಿನ ಕಡೆ ತಿರುಗಿದಳು.

ಆಗ ಬೆಂಚಿನ ಎಡತುದಿಯಿಂದ, ತೆವಳುವ ನೆಟ್ಟಿನ ಮೇಲೆ ಸಮುದ್ರ ದಾಟಿ ಸ್ವಲ್ಪ ತಡವಾಗಿ ಒಂದು ಮುದಿ ದನಿ ಬಂತು. ಯಾವಾಗಿನಂತೆ ಪಿಸುಗುಟ್ಟಿದ್ದೇ ಅದು, ಆದರೆ ಫೋನನ್ನು ಜೋರಾಗಿ ಇಟ್ಟಿದ್ದರಿಂದ ಹಿಂದಿನ ಬೆಂಚಿಗೂ ಕೇಳಿಸಿತು:

"ನನಗೂ ಒಂದು ಚಾಪೆ ಇದೆ."

ತುಪಿತೊ ಫೋನಿನ ಕಡೆ ತಿರುಗಿದಳು. "ಗೊತ್ತು ಅಜ್ಜೀ. ನಾನೇ ಹೇಳ್ತಿದ್ದೆ," ಎಂದಳು.

ಚರ್ಚೆಲ್ಲ ನಕ್ಕಿತು. ಎಲ್ಲರೂ ನಕ್ಕು ಸುಮ್ಮನಾದ ಮೇಲೆ, ಮೂರು ಎಣಿಸುವಷ್ಟು ಹೊತ್ತು ಬಿಟ್ಟು, ಫೋನಿನೊಳಗೆ ಲೇಯಿತು ನಕ್ಕಳು. ತುಪಿತೊ ಅದು ಮುಗಿಯುವ ತನಕ ಕಾದು, ಮತ್ತೆ ಜನರ ಕಡೆ ತಿರುಗಿ ಲಂಗ ಹಿಡಿದುಕೊಂಡು ಕೊನೆಯ ಸಾಲು ಹೇಳಿದಳು. ಮೆರಿಪಾ ಫೋನನ್ನು ಚೂರು ಆಚೆ ಸರಿಸಿ ಅದರ ಪಕ್ಕದಲ್ಲಿ ಕೂತುಕೊಂಡಳು.